ಪ್ರಿನ್ಸೆಸ್ ಆನ್: ಡೋವರ್–ಕ್ಯಾಲೆ ಹೋವರ್‌ಕ್ರಾಫ್ಟ್ ಸೇವೆಯ ಬಗ್ಗೆ, ತಡವಾಗಿಯಾದರೂ

ಇಂಗ್ಲೆಂಡಿನ ಕೆಂಟ್ ಕರಾವಳಿಯಿಂದ ಫ್ರಾನ್ಸಿಗೆ ಕಾರಿನ ಸಮೇತ ಹೋಗಲು ಈಗ ಎರಡು ದಾರಿಗಳಿವೆ: ಡೋವರ್‌ನಿಂದ ಹಡಗು, ಫೋಕ್‌ಸ್ಟೋನ್‌ನಿಂದ ಸುರಂಗದ ರೈಲು. ಎರಡನ್ನೂ ನಾನು ಬಳಸಿದ್ದೇನೆ, ಈಗಲೂ ಬಳಸುತ್ತೇನೆ. ಆದರೆ ಮೂರನೆಯದೊಂದು ದಾರಿ ಇತ್ತು. 1968ರ ಆಗಸ್ಟ್ 1ರಿಂದ 2000ದ ಅಕ್ಟೋಬರ್ 1ರವರೆಗೆ, ಮೂವತ್ತೆರಡು ವರ್ಷ, ಕಾರುಗಳನ್ನೂ ಜನರನ್ನೂ ಹೊತ್ತು, ಅಡಿಗೆ ತುಂಬಿಕೊಂಡ ಗಾಳಿಯ ಮೆತ್ತೆಯ ಮೇಲೆ ತೇಲಿ ಓಡುವ ಭಾರಿ ಹೋವರ್‌ಕ್ರಾಫ್ಟ್‌ಗಳು ಇಂಗ್ಲಿಷ್ ಕಡಲ್ಗಾಲುವೆಯನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ದಾಟುತ್ತಿದ್ದವು. ನಾನು ಈವರೆಗೆ ಹಣ ಕೊಟ್ಟು ಪಡೆದ ಸಾರಿಗೆ ಸೇವೆಗಳಲ್ಲಿ ಅದಕ್ಕೆ ಮೊದಲ ಸ್ಥಾನ. ನಿಂತುಹೋದ ಸೇವೆಗೆ ವಿಮರ್ಶೆ ಯಾಕೆ ಎಂದು ಕೇಳಬಹುದು. ಆ ಯಂತ್ರಗಳಲ್ಲಿ ಒಂದು, ಪ್ರಿನ್ಸೆಸ್ ಆನ್ ಎಂಬುದು, ಉಳಿದಿದೆ, ಅದರೊಳಗೆ ಹೋಗಿ ಕೂರಬಹುದು, ಈಚೆಗೆ ನಾನು ಹೋಗಿ ಕೂತು ಬಂದಿದ್ದೇನೆ. ಹಾಗಾಗಿ ಇದು ಅರ್ಧ ಸೇವೆಯ ವಿಮರ್ಶೆ, ಅರ್ಧ ವಸ್ತುಸಂಗ್ರಹಾಲಯದ ವಿಮರ್ಶೆ.

ನಾವು 1990ರ ದಶಕದ ಆರಂಭದಲ್ಲಿ ಕ್ಯಾಂಟರ್ಬರಿಯಲ್ಲಿ ಮನೆ ಮಾಡಿದೆವು. ನನ್ನ ನಾದಿನಿಯ ಸಂಸಾರ ಫ್ರಾನ್ಸಿನ ಲೀಲ್ ನಗರದಲ್ಲಿತ್ತು. ನಮ್ಮ ಮನೆಯಿಂದ ಡೋವರ್‌ಗೆ ಅರ್ಧ ಗಂಟೆ, ಎದುರು ದಡದ ಕ್ಯಾಲೆಯಿಂದ ಲೀಲ್‌ಗೆ ಹೆದ್ದಾರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ನಡುವಿನ ಕಡಲು ಬಹಳ ಅಗಲವಲ್ಲ. ಅತಿ ಕಿರಿದಾದ ಕಡೆ 33 ಕಿ.ಮೀ. ದಾಟಿದರೆ ಮುಗಿಯಿತು. ಆಕಾಶ ತಿಳಿಯಾಗಿದ್ದ ದಿನ ಡೋವರ್‌ನ ಸುಣ್ಣದ ಕಲ್ಲಿನ ಗುಡ್ಡದ ಮೇಲೆ ನಿಂತರೆ ಎದುರಿನ ದಡ ಕಾಣಿಸುತ್ತದೆ. ಇಷ್ಟು ಹತ್ತಿರದ ಊರಿಗೆ ಹಡಗಿನಲ್ಲಿ ಹೊರಟರೆ ಮಾತ್ರ ಅರ್ಧ ದಿನ ಕೈಬಿಟ್ಟುಹೋಗುತ್ತಿತ್ತು. ಹಡಗಿನ ಪ್ರಯಾಣ ಒಂದೂಕಾಲರಿಂದ ಒಂದೂವರೆ ಗಂಟೆ ಎಂದು ವೇಳಾಪಟ್ಟಿಯಲ್ಲಿ ಇರುತ್ತದೆ, ನಿಜ. ಆದರೆ ಸಾಲಿನಲ್ಲಿ ನಿಲ್ಲುವುದು, ಕಾರನ್ನು ಕಬ್ಬಿಣದ ಹೊಟ್ಟೆಯೊಳಗೆ ಇಳಿಸುವುದು, ಮೆಟ್ಟಿಲು ಹತ್ತುವುದು, ಹಡಗು ಕಟ್ಟೆ ಬಿಡುವುದು, ಆ ಕಡೆ ಬಂದರಿನೊಳಗೆ ನಿಧಾನವಾಗಿ ತಿರುಗಿ ಹಗ್ಗ ಕಟ್ಟಿಸಿಕೊಳ್ಳುವುದು, ಮತ್ತೆ ಕಾರಿಗೆ ಇಳಿದು ಮುಂದಿನವರು ಕದಲಲಿ ಎಂದು ಕಾಯುವುದು, ಇವೆಲ್ಲ ಆ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಪ್ರಯಾಣಿಕರ ನಿಜವಾದ ಲೆಕ್ಕ ರಸ್ತೆಯಿಂದ ರಸ್ತೆಗೆ. ಮನೆಯ ಊರಿನ ರಸ್ತೆ ಬಿಟ್ಟ ಗಳಿಗೆಯಿಂದ ಎದುರು ದಡದ ರಸ್ತೆಯಲ್ಲಿ ಚಕ್ರ ಉರುಳುವವರೆಗೆ ಎಷ್ಟು ಹೊತ್ತು? ಈ ಲೆಕ್ಕದಲ್ಲಿ ಹೋವರ್‌ಕ್ರಾಫ್ಟ್‌ಗೆ ಸರಿಸಾಟಿ ಇರಲಿಲ್ಲ.

ಅದರ ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗಂಟೆಗೆ ನೂರು ಕಿಲೋಮೀಟರ್ ಮೀರಿ ಸಮುದ್ರದ ಮೇಲೆ ಓಡುತ್ತಿತ್ತು, ಸರಿ. 1995ರ ಸೆಪ್ಟೆಂಬರ್ 14ರಂದು ಪ್ರಿನ್ಸೆಸ್ ಆನ್ ಈ ಕಡಲನ್ನು 22 ನಿಮಿಷದಲ್ಲಿ ದಾಟಿದ ದಾಖಲೆ ಇದೆ. ಆದರೆ ನನಗೆ ಮುಖ್ಯವೆನಿಸಿದ್ದು ನೀರಿನ ಮೇಲಿನ ವೇಗವಲ್ಲ. ಅದಕ್ಕೆ ಬಂದರೇ ಬೇಕಿರಲಿಲ್ಲ ಎಂಬುದು. ಆಳವಾದ ಕಟ್ಟೆ ಬೇಡ, ಹಗ್ಗ ಬೇಡ, ಲಂಗರು ಬೇಡ, ಭರತ ಇಳಿತದ ಲೆಕ್ಕ ನೋಡಿ ಸೇತುವೆ ಎತ್ತಿಳಿಸುವುದು ಬೇಡ. ಸಮುದ್ರದಿಂದ ನೇರವಾಗಿ ಕಾಂಕ್ರೀಟಿನ ಇಳಿಜಾರು ಹತ್ತಿ, ಬಯಲಿನಂಥ ಅಂಗಳದ ನಡುವೆ ಬಂದು ಕೂರುತ್ತಿತ್ತು. ಬಾಗಿಲು ತೆರೆದು ಕಾರುಗಳನ್ನು ಬಿಟ್ಟುಬಿಡುತ್ತಿತ್ತು. ಒಂದು ತುದಿಯಿಂದ ಹತ್ತಿಸಿ ಇನ್ನೊಂದು ತುದಿಯಿಂದ ಇಳಿಸುವುದರಿಂದ ಯಾರೂ ಕಾರನ್ನು ಹಿಂದಕ್ಕೆ ತೆಗೆಯಬೇಕಾಗಿರಲಿಲ್ಲ. ಹತ್ತಿದಂತೆಯೇ ಮುಂದಕ್ಕೆ ಓಡಿಸಿಕೊಂಡು ಹೋದರಾಯಿತು. ಇಳಿದ ಕೆಲವೇ ನಿಮಿಷಗಳಲ್ಲಿ ನಾವು ಫ್ರಾನ್ಸಿನ ರಸ್ತೆಯ ಬಲಬದಿ ಹಿಡಿದಿರುತ್ತಿದ್ದೆವು. ಶುಕ್ರವಾರ ಕಚೇರಿ ಮುಗಿಸಿ ಹೊರಟವರು ರಾತ್ರಿಯ ಊಟಕ್ಕೆ ನಾದಿನಿಯ ಮನೆಯಲ್ಲಿ ಇರುತ್ತಿದ್ದೆವು. ಹಡಗಿನಲ್ಲಿ ಹೋದಾಗ ಊಟದ ಹೊತ್ತಿಗೆ ಎಂದೂ ತಲಪಿದ್ದಿಲ್ಲ.

ಅದು ದಡಕ್ಕೆ ಬರುವುದನ್ನು ನೋಡಬೇಕಿತ್ತು. ಡೋವರ್‌ನ ಪಶ್ಚಿಮ ಬಂದರಿನ ಬದಿಯಲ್ಲಿ 1978ರಲ್ಲಿ ಇದಕ್ಕಾಗಿಯೇ ಕಟ್ಟಿದ ಹೋವರ್‌ಪೋರ್ಟ್ ಇತ್ತು. ನಿಲ್ದಾಣದ ಗಾಜಿನ ಆಚೆ ನಿಂತರೆ ಮೊದಲು ಕಾಣಿಸುತ್ತಿದ್ದದ್ದು ಬಿಳಿ ತುಂತುರಿನ ಮೋಡ. ಯಂತ್ರ ಆಮೇಲೆ. ಮೋಡದ ಮೇಲೆ ನಾಲ್ಕು ಪ್ರೊಪೆಲರ್‌ಗಳು ಮಾತ್ರ ತೇಲಿಬರುತ್ತಿದ್ದಂತೆ ತೋರುತ್ತಿತ್ತು. ಹತ್ತಿರವಾದಂತೆ ಗಾಜು ಸಣ್ಣಗೆ ಅದುರುತ್ತಿತ್ತು, ಆಮೇಲೆ ಸದ್ದು ಎದೆಗೆ ಬಡಿಯುತ್ತಿತ್ತು. ಇಳಿಜಾರಿಗೆ ಬಂದಾಗ ಅಷ್ಟು ದೊಡ್ಡ ಗಾತ್ರದ್ದು ಸ್ವಲ್ಪವೂ ತಡವರಿಸದೆ ನೆಲವನ್ನೇರುತ್ತಿತ್ತು. ನೀರು ಮುಗಿದು ನೆಲ ಶುರುವಾದದ್ದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲವೆನ್ನಬೇಕು. ನಡು ಅಂಗಳದಲ್ಲಿ ತನ್ನ ಸುತ್ತ ತಾನೇ ಮೆಲ್ಲಗೆ ತಿರುಗಿ, ಬಾಗಿಲನ್ನು ಸರಿಯಾದ ದಿಕ್ಕಿಗೆ ಮಾಡಿಕೊಂಡು ನಿಲ್ಲುತ್ತಿತ್ತು. ಎಂಜಿನ್ನಿನ ಸದ್ದು ಇಳಿಯುತ್ತಿದ್ದಂತೆ ಅಡಿಯ ಗಾಳಿಯನ್ನು ಹಿಡಿದಿಡುವ ಸುತ್ತಲಿನ ಕಪ್ಪು ರಬ್ಬರಿನ ಸ್ಕರ್ಟ್ ಸುಕ್ಕುಗಟ್ಟಿ ಕುಸಿಯುತ್ತಿತ್ತು, ಇಡೀ ಯಂತ್ರ ಕೆಳಗಿಳಿದು ನೆಲದ ಮೇಲೆ ಕೂರುತ್ತಿತ್ತು. ಅಂಗಳದಲ್ಲಿ ಉಪ್ಪುನೀರು ಹರಿದುಹೋಗುತ್ತಿದ್ದಾಗಲೇ ಕಾರುಗಳು ಹೊರಬರಲು ತೊಡಗುತ್ತಿದ್ದವು. ಇದನ್ನು ನಾನು ಪ್ರತಿ ಸಲವೂ ನಿಂತು ನೋಡಿದ್ದೇನೆ. ಅಭ್ಯಾಸವಾಯಿತೆಂದು ಬೆನ್ನು ತಿರುಗಿಸಿ ಕಾಫಿ ಕುಡಿಯಲು ಮನಸ್ಸಾದದ್ದೇ ಇಲ್ಲ.

ಒಳಗಿನ ಅನುಭವ ಅಷ್ಟು ಸೊಗಸಾಗಿತ್ತು ಎಂದು ಹೇಳಲಾರೆ. ನಡುವೆ ಕಾರುಗಳ ಅಂಕಣ, ಅದರ ಎರಡೂ ಬದಿಗೆ ಉದ್ದಕ್ಕೆ ಪ್ರಯಾಣಿಕರ ಕೋಣೆಗಳು. ಕಾರು ನಿಲ್ಲಿಸಿ ಬದಿಯ ಬಾಗಿಲಿನಿಂದ ಹೋಗಿ ಕೂತರೆ ವಿಮಾನದಲ್ಲಿ ಕೂತಂತೆಯೇ ಸಾಲು ಸಾಲು ಆಸನ. ಗಗನಸಖಿಯರಂತೆ ಸಮವಸ್ತ್ರ ತೊಟ್ಟ ಹುಡುಗಿಯರು ಸುಂಕವಿಲ್ಲದ ವಿಸ್ಕಿ, ಸಿಗರೇಟು, ಸುಗಂಧದ್ರವ್ಯ ಮಾರುತ್ತಾ ಬರುತ್ತಿದ್ದರು. ಅಷ್ಟು ಕಡಿಮೆ ಹೊತ್ತಿನಲ್ಲಿ, ಅಷ್ಟು ಕಂಪನದ ನಡುವೆ, ಚಿಲ್ಲರೆ ಎಣಿಸಿ ಕೊಟ್ಟು ನಗುತ್ತಾ ಮುಂದಿನ ಸಾಲಿಗೆ ಹೋಗುತ್ತಿದ್ದ ಅವರ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸದ್ದು ಜೋರು. ಪಕ್ಕದವರೊಡನೆ ಮಾತಾಡಲು ದನಿ ಏರಿಸಬೇಕು. ನಾಲ್ಕು ಗ್ಯಾಸ್ ಟರ್ಬೈನ್‌ಗಳು, ನಾಲ್ಕು ಭಾರಿ ಪ್ರೊಪೆಲರ್‌ಗಳು ತಲೆಯ ಮೇಲೆಯೇ ತಿರುಗುತ್ತಿರುವಾಗ ಬೇರೆ ರೀತಿ ಇರಲು ಸಾಧ್ಯವೂ ಇರಲಿಲ್ಲ. ಕಿಟಕಿ ಪಕ್ಕದ ಆಸನಕ್ಕೆ ಮುಗಿಬೀಳುವವರಿಗೆ ಒಂದು ಮಾತು ಹೇಳಬೇಕಿತ್ತು: ಅದರಿಂದ ಪ್ರಯೋಜನವಿಲ್ಲ. ಹೊರಟ ಸ್ವಲ್ಪ ಹೊತ್ತಿಗೆ ಸ್ಕರ್ಟಿನ ಅಡಿಯಿಂದ ಏಳುವ ತುಂತುರು ಗಾಜಿಗೆ ರಾಚಿ ಹೊರಗಿನದೆಲ್ಲ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು.

ಅಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಅವರ ಭಾರತೀಯ ಪಾಸ್‌ಪೋರ್ಟಿಗೆ ಫ್ರಾನ್ಸಿನ ವೀಸಾ ಮಾಡಿಸಲು ಲಂಡನ್ನಿಗೆ ಓಡಾಡಿದ್ದೇ ದೊಡ್ಡ ಪ್ರಯಾಣ. ಕಡಲು ದಾಟುವುದು ಅದರ ಮುಂದೆ ಏನೂ ಅಲ್ಲ. ವಾಹನ ಹೇರಿಕೊಂಡು ನೀರು ದಾಟುವುದು ಅಮ್ಮನಿಗೆ ಹೊಸದಲ್ಲ. ತುಮರಿಯ ಕಡೆ ನಮ್ಮ ನೆಂಟರಿದ್ದಾರೆ. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ಹೊತ್ತು ಶರಾವತಿ ಹಿನ್ನೀರು ದಾಟುತ್ತಿದ್ದ ಲಾಂಚಿನಲ್ಲಿ ಅವರು ಎಷ್ಟೋ ಸಲ ಹೋಗಿಬಂದವರು. ಅಲ್ಲಿ ಕಟಕಟೆ ಹಿಡಿದು ನಿಂತು ನೀರು ನೋಡುತ್ತಾ ಹೋಗುವುದೇ ಪದ್ಧತಿಯಾಗಿತ್ತು. ಇಲ್ಲಿ ಅವರು ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹೊರಟಾಗ ಒಮ್ಮೆ ಇಡೀ ಆಸನ ಮೇಲೆದ್ದಿತು, ಅವರು ನನ್ನ ಮೊಣಕೈ ಹಿಡಿದುಕೊಂಡರು. ಅಷ್ಟೇ. ಬೆಳ್ಳಗಾದ ಕಿಟಕಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಕರವಸ್ತ್ರದಿಂದ ಒಳಗಿನಿಂದ ಒರೆಸಿಯೂ ನೋಡಿದರು. ಕ್ಯಾಲೆಯಲ್ಲಿ ಕಾರು ಹೊರಬಂದಾಗ ಹಿಂದಿನ ಸೀಟಿನಿಂದ ಕೇಳಿದರು, “ಸಮುದ್ರ ದಾಟಿ ಆಯಿತು ಎನ್ನುತ್ತೀಯಲ್ಲೇ, ನೀರೇ ಕಾಣಲಿಲ್ಲವಲ್ಲ?” ನನ್ನ ಯಜಮಾನರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿಸಿ, ಬಂದ ಕಡೆಗೆ ತೋರಿಸಿದರು. ಅಮ್ಮ ಅಲ್ಲಿಯೇ ನಿಂತು ಕೈ ಮುಗಿದು ಮತ್ತೆ ಕಾರು ಹತ್ತಿದರು.

ಅಮ್ಮನ ಪ್ರಶ್ನೆಯಲ್ಲೇ ಈ ಸೇವೆಯ ಮುಖ್ಯ ಕೊರತೆಯೂ ಇದೆ. ಸಮುದ್ರಯಾನ ಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಮೇಲಂತಸ್ತಿನಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲುವ ಜಾಗ ಇರಲಿಲ್ಲ, ಓಡಾಡಲು ಆಸ್ಪದವಿರಲಿಲ್ಲ, ಕೂತು ಊಟ ಮಾಡುವಂತಿರಲಿಲ್ಲ. ಅಲೆ ಎದ್ದ ದಿನ ಅದರ ಓಲಾಟವೇ ಬೇರೆ. ಹಡಗು ಏರಿ ಇಳಿಯುತ್ತದೆ, ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇದು ಅಲೆಯಿಂದ ಅಲೆಗೆ ಕುಟ್ಟುತ್ತಾ ಹೋಗುತ್ತಿತ್ತು. ಅಲೆ ಮೂರೂವರೆ ಮೀಟರ್ ದಾಟಿದರೆ ಹೊರಡುವಂತೆಯೇ ಇರಲಿಲ್ಲ. ಚಳಿಗಾಲದಲ್ಲಿ ಹೊರಡುವ ಮುನ್ನ ಹವಾಮಾನ ಕೇಳಿಕೊಳ್ಳುವುದು ಇದರ ಪ್ರಯಾಣಿಕರಿಗೆಲ್ಲ ರೂಢಿಯಾಗಿತ್ತು. ಟಿಕೆಟ್ಟೂ ಹಡಗಿಗಿಂತ ದುಬಾರಿ.

ಒಂದು ದುರಂತವನ್ನೂ ಮರೆಯುವಂತಿಲ್ಲ. 1985ರ ಮಾರ್ಚ್ 30ರಂದು ಪ್ರಿನ್ಸೆಸ್ ಆನ್‌ನ ಜೋಡಿ ಯಂತ್ರ ಪ್ರಿನ್ಸೆಸ್ ಮಾರ್ಗರೆಟ್, ಬಿರುಗಾಳಿಯಲ್ಲಿ ಡೋವರ್ ಬಂದರನ್ನು ಪ್ರವೇಶಿಸುವಾಗ ಅಲೆತಡೆ ಗೋಡೆಗೆ ಬಡಿಯಿತು. ಬದಿ ಸೀಳಿತು, ನಾಲ್ವರು ಪ್ರಾಣ ಕಳೆದುಕೊಂಡರು. ನಾವು ಪ್ರಯಾಣಿಸಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆದರೂ ಆ ಗೋಡೆಯ ಪಕ್ಕದಿಂದ ಹಾದುಹೋಗುವಾಗ ಅದರ ನೆನಪಾಗದೆ ಇರುತ್ತಿರಲಿಲ್ಲ. ನೀರಿಗೆ ತಾಗದೆ ಓಡುವ ವಾಹನಕ್ಕೆ ನೀರಿನ ಹಿಡಿತವೂ ಇರುವುದಿಲ್ಲ, ಅಡ್ಡಗಾಳಿ ಬೀಸಿದರೆ ಪಕ್ಕಕ್ಕೆ ಜಾರುತ್ತದೆ. ಅದನ್ನು ದಾರಿಯಲ್ಲಿಡುವುದು ಬಹಳ ಕೌಶಲ್ಯದ ಕೆಲಸ. ಮೇಲೆ ನಡುವಿನ ಪುಟ್ಟ ಕೋಣೆಯಲ್ಲಿ ಕೂತು, ವಿಮಾನವೂ ಅಲ್ಲದ ಹಡಗೂ ಅಲ್ಲದ ಅದನ್ನು ದಿನವೂ ದಡ ಸೇರಿಸುತ್ತಿದ್ದ ಮೂವರು, ಕ್ಯಾಪ್ಟನ್, ರೇಡಾರ್ ನೋಡುವ ಅಧಿಕಾರಿ ಮತ್ತು ಎಂಜಿನಿಯರ್, ಅವರ ಬಗ್ಗೆ ನನಗೆ ಅಪಾರ ಗೌರವ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಈ ಮಾದರಿಯ ಹೆಸರು ಎಸ್‌ಆರ್.ಎನ್4. ಬ್ರಿಟಿಷ್ ಹೋವರ್‌ಕ್ರಾಫ್ಟ್ ಕಾರ್ಪೊರೇಷನ್ ಇದನ್ನು ಇಂಗ್ಲೆಂಡಿನ ದಕ್ಷಿಣ ತೀರದ ವೈಟ್ ದ್ವೀಪದ ಕೌಸ್‌ನಲ್ಲಿ ಕಟ್ಟಿತು. ಒಟ್ಟು ಆರು ಮಾತ್ರ ತಯಾರಾದವು. ಮೊದಲು 254 ಜನ, 30 ಕಾರು ಹಿಡಿಯುತ್ತಿತ್ತು. 1970ರ ದಶಕದ ಕೊನೆಯಲ್ಲಿ ಪ್ರಿನ್ಸೆಸ್ ಆನ್ ಮತ್ತು ಪ್ರಿನ್ಸೆಸ್ ಮಾರ್ಗರೆಟ್ ಎರಡನ್ನೂ ನಡುವೆ ಕತ್ತರಿಸಿ, ಹೊಸ ಭಾಗ ಸೇರಿಸಿ ಉದ್ದ ಮಾಡಿದರು. ಆಮೇಲೆ ಅವು 56 ಮೀಟರ್ ಉದ್ದ, ಸುಮಾರು 300 ಟನ್ ತೂಕ, 418 ಜನ, 60 ಕಾರು. ನಾಲ್ಕು ಪ್ರೋಟಿಯಸ್ ಗ್ಯಾಸ್ ಟರ್ಬೈನ್‌ಗಳು. ಬ್ರಿಟಾನಿಯಾ ಎಂಬ ಪ್ರಯಾಣಿಕ ವಿಮಾನದಲ್ಲಿ ಹಾರಿದ್ದ ಎಂಜಿನ್ನಿನ ವಂಶದವು. ಒಂದೊಂದು ಎಂಜಿನ್ನೂ ಎರಡು ಕೆಲಸ ಮಾಡುತ್ತಿತ್ತು: ಕೆಳಗೆ ಗಾಳಿ ತುಂಬುವ ಭಾರಿ ಫ್ಯಾನನ್ನು ತಿರುಗಿಸುವುದು, ಮೇಲೆ ಆರು ಮೀಟರ್ ಮೀರಿದ ವ್ಯಾಸದ ಪ್ರೊಪೆಲರ್ ತಿರುಗಿಸುವುದು. ಪ್ರೊಪೆಲರ್ ನಿಂತಿದ್ದ ಕಂಬವೇ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು. ದಿಕ್ಕು ಬದಲಿಸುತ್ತಿದ್ದದ್ದು ಹಾಗೆ. 300 ಟನ್ ಎತ್ತಲು ಭಯಂಕರ ಒತ್ತಡ ಬೇಕೆಂದು ನಾನೂ ಅಂದುಕೊಂಡಿದ್ದೆ. ಬೇಕಿಲ್ಲ. ತಳ ಅಷ್ಟು ವಿಶಾಲವಾಗಿರುವುದರಿಂದ ಅಡಿಯ ಗಾಳಿಯ ಒತ್ತಡ, ಹೊಟ್ಟೆಯೊಳಗೆ ನಿಂತ ಕಾರುಗಳ ಟೈರಿನ ಒತ್ತಡದ ಒಂದು ಸಣ್ಣ ಅಂಶ ಮಾತ್ರ.

ಬ್ರಿಟಿಷ್ ಎಂಜಿನಿಯರ್ ಕ್ರಿಸ್ಟೋಫರ್ ಕಾಕೆರೆಲ್ ಹೋವರ್‌ಕ್ರಾಫ್ಟಿನ ಮೂಲ ವಿಚಾರವನ್ನು 1955ರಲ್ಲಿ ಪರೀಕ್ಷಿಸಿದ್ದು ಕಾಫಿ ಡಬ್ಬಿಯೊಳಗೆ ಬೆಕ್ಕಿನ ಆಹಾರದ ಡಬ್ಬಿಯೊಂದನ್ನಿಟ್ಟು, ನಡುವಿನ ಸಂದಿನಲ್ಲಿ ಗಾಳಿ ಊದಿ, ಅಡುಗೆಮನೆಯ ತಕ್ಕಡಿಯಿಂದ ಅಳೆದು. ನಾಲ್ಕೇ ವರ್ಷಕ್ಕೆ, 1959ರ ಜುಲೈ 25ರಂದು, ಎಸ್‌ಆರ್.ಎನ್1 ಎಂಬ ಮೊದಲ ಯಂತ್ರ ಕ್ಯಾಲೆಯಿಂದ ಡೋವರ್‌ಗೆ ದಾಟಿತು. ಫ್ರೆಂಚ್ ವೈಮಾನಿಕ ಬ್ಲೆರಿಯೋ ವಿಮಾನದಲ್ಲಿ ಇದೇ ಕಡಲು ದಾಟಿ ಅಂದಿಗೆ ಸರಿಯಾಗಿ ಐವತ್ತು ವರ್ಷ. ಎಸ್‌ಆರ್.ಎನ್1ರ ಮೇಲೆ ಕಾಕೆರೆಲ್ ತಾವೇ ತೂಕ ಸರಿದೂಗಿಸಲು ನಿಂತಿದ್ದರು. ಅಲ್ಲಿಂದ ಒಂಬತ್ತು ವರ್ಷಕ್ಕೆ ಕಾರುಗಳು ಹತ್ತಿದವು. ಮೊದಲು ಬ್ರಿಟಿಷ್ ರೈಲಿನ ಸೀಸ್ಪೀಡ್ ಡೋವರ್‌ನಿಂದ ಓಡಿಸಿತು, ಮರುವರ್ಷದಿಂದ ಹೋವರ್‌ಲಾಯ್ಡ್ ರಾಮ್ಸ್‌ಗೇಟ್ ಬಳಿಯ ಪೆಗ್ವೆಲ್ ಕೊಲ್ಲಿಯಿಂದ ಓಡಿಸಿತು. 1981ರಲ್ಲಿ ಎರಡೂ ಕೂಡಿ ಹೋವರ್‌ಸ್ಪೀಡ್ ಆದವು. ನಾವು ಹೋಗಿದ್ದು ಹೋವರ್‌ಸ್ಪೀಡ್ ಕಾಲದಲ್ಲಿ.

“ಅದೊಂದು ಸೋತ ಪ್ರಯೋಗ” ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮೂವತ್ತೆರಡು ವರ್ಷ ದಿನಕ್ಕೆ ಹಲವು ಬಾರಿ ಕಡಲು ದಾಟಿದ್ದನ್ನು ಪ್ರಯೋಗ ಎನ್ನುವುದು ಹೇಗೆ? ಅದನ್ನು ನಿಲ್ಲಿಸಿದ ಕಾರಣಗಳು ಬೇರೆ. 1994ರಲ್ಲಿ ಸುರಂಗ ತೆರೆಯಿತು. ಕಾರು ಹೊರುವ ರೈಲು 35 ನಿಮಿಷಕ್ಕೆ, ಯಾವ ಬಿರುಗಾಳಿಯ ಹಂಗೂ ಇಲ್ಲದೆ ದಾಟಿಸತೊಡಗಿತು. 1999ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ಒಳಗಿನ ಪ್ರಯಾಣಗಳಿಗೆ ಸುಂಕರಹಿತ ಮಾರಾಟ ರದ್ದಾಯಿತು. ಟಿಕೆಟ್ಟಿನ ಜೊತೆ ಆ ವಿಸ್ಕಿ, ಸಿಗರೇಟಿನ ಲಾಭವನ್ನೂ ನೆಚ್ಚಿದ್ದ ಕಡಲ್ಗಾಲುವೆಯ ಸೇವೆಗಳಿಗೆಲ್ಲ ಅದು ಪೆಟ್ಟು. ಇಂಧನವನ್ನು ಈ ಟರ್ಬೈನ್‌ಗಳು ಧಾರಾಳವಾಗಿ ಕುಡಿಯುತ್ತಿದ್ದವು. ಯಂತ್ರಗಳಿಗೆ ವಯಸ್ಸಾಗಿತ್ತು, ಹೊಸದನ್ನು ಯಾರೂ ಕಟ್ಟುತ್ತಿರಲಿಲ್ಲ. ಇದೇ ದಾರಿಯಲ್ಲಿ ಸೀಕ್ಯಾಟ್ ಎಂಬ ವೇಗದ ದೋಣಿಗಳೂ ಓಡತೊಡಗಿದ್ದವು. ಅವು ಅಗ್ಗವಾಗಿ ಓಡುತ್ತಿದ್ದವು, ಆದರೆ ಬಂದರಿಗೇ ಬಂದು ನಿಲ್ಲಬೇಕಿತ್ತು. ಸುರಂಗದ ರೈಲಿನ ಬಗ್ಗೆ ನಾನು ಕೆಟ್ಟದಾಗಿ ಹೇಳುವುದಿಲ್ಲ, ಅದು ಬಹಳ ಅನುಕೂಲದ್ದು. ಐವತ್ತು ಕಿಲೋಮೀಟರ್ ಸುರಂಗ ಕೊರೆದು ಗಳಿಸಿದ ಆ 35 ನಿಮಿಷವನ್ನು ಹೋವರ್‌ಕ್ರಾಫ್ಟ್ 1968ರಲ್ಲೇ, ಎರಡು ಕಾಂಕ್ರೀಟ್ ಇಳಿಜಾರುಗಳಷ್ಟನ್ನೇ ಕಟ್ಟಿಕೊಂಡು, ಕೊಡುತ್ತಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ.

ಇನ್ನು ವಸ್ತುಸಂಗ್ರಹಾಲಯ. ಪೋರ್ಟ್ಸ್‌ಮತ್ ಬಳಿಯ ಲೀ-ಆನ್-ದ-ಸೋಲೆಂಟ್ ಎಂಬ ಸಮುದ್ರತೀರದ ಊರಿನಲ್ಲಿ, ಹಿಂದೆ ನೌಕಾಪಡೆಯ ವಿಮಾನನೆಲೆಯಾಗಿದ್ದ ಜಾಗದಲ್ಲಿ ಹೋವರ್‌ಕ್ರಾಫ್ಟ್ ಮ್ಯೂಸಿಯಂ ಇದೆ. ಸೇವೆ ನಿಂತ ಮೇಲೆ 2000ದ ಡಿಸೆಂಬರಿನಲ್ಲಿ ಎರಡೂ ‘ಪ್ರಿನ್ಸೆಸ್’ಗಳು ತಾವೇ ಓಡಿಕೊಂಡು ಇಲ್ಲಿಗೆ ಬಂದವು. 2016ರಲ್ಲಿ ಒಡೆದುಹಾಕುವ ಮಾತು ಬಂದಾಗ ಸಾವಿರಾರು ಜನ ಸಹಿ ಹಾಕಿ ತಡೆದರು. ನಾನೂ ಹಾಕಿದ್ದೆ. ಒಂದು ಉಳಿಯಿತು. ಪ್ರಿನ್ಸೆಸ್ ಮಾರ್ಗರೆಟ್‌ಅನ್ನು 2018ರಲ್ಲಿ ಒಡೆದರು. ಉಳಿದ ಒಂದನ್ನು ಕಾಪಾಡಿಕೊಳ್ಳಲು ಅದೇ ದಾರಿಯೆಂದು ನಿರ್ಧರಿಸಿದ್ದು ನ್ಯಾಯವೇ ಇರಬಹುದು, ಆದರೂ ನನಗೆ ಸಂಕಟವಾಯಿತು.

ಪ್ರಿನ್ಸೆಸ್ ಆನ್ ಬಯಲಿನಲ್ಲಿ, ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ದೂರದಿಂದ ನೋಡಿದಾಗ ಗಾತ್ರ ಗೊತ್ತಾಗುವುದಿಲ್ಲ; ಪಕ್ಕದಲ್ಲಿ ಯಾರಾದರೂ ನಡೆದುಹೋದಾಗ ಎದೆ ಝಲ್ಲೆನ್ನುತ್ತದೆ. ಪ್ರೊಪೆಲರಿನ ಒಂದು ಅಲಗು ನನ್ನ ಎತ್ತರಕ್ಕಿಂತ ಬಹಳ ಉದ್ದ. ಕೆಳಗೆ ಸ್ಕರ್ಟ್ ಸೊರಗಿ ಬಿದ್ದಿದೆ. ಅದರ ಅಂಚಿನಲ್ಲಿ ಬೆರಳುಗಳಂತೆ ಸಾಲಾಗಿ ಜೋಡಿಸಿದ ರಬ್ಬರು ಲೇಪಿತ ನೈಲಾನ್ ತುಂಡುಗಳನ್ನು ಮುಟ್ಟಿ ನೋಡಿದೆ. ಮೇಲುಭಾಗ ಗಟ್ಟಿ, ನುಣುಪು. ತುದಿಗೆ ಬಂದಂತೆ ರಬ್ಬರು ಕಿತ್ತುಹೋಗಿ ಒಳಗಿನ ನೂಲು ಕೆದರಿಕೊಂಡಿದೆ. ನೀರಿನ ಮೇಲ್ಮೈಗೆ ಬಡಿದು ಬಡಿದು ಸವೆಯುತ್ತಿದ್ದದ್ದು ಈ ತುದಿಗಳೇ. ಅಲ್ಲಿದ್ದ ಸ್ವಯಂಸೇವಕರೊಬ್ಬರು, ರಾತ್ರಿ ಪ್ರಯಾಣಗಳು ಮುಗಿದ ಮೇಲೆ ಯಂತ್ರವನ್ನು ಜಾಕಿಯ ಮೇಲೆ ಎತ್ತಿ, ಅಡಿಯಲ್ಲಿ ತೆವಳಿ, ಹರಿದ ತುಂಡುಗಳನ್ನು ಬಿಚ್ಚಿ ಹೊಸದನ್ನು ಬೋಲ್ಟು ಹಾಕಿ ಕೂರಿಸುತ್ತಿದ್ದ ಕೆಲಸವನ್ನು ವಿವರಿಸಿದರು. ಬೆಳಗಿನ ಮೊದಲ ಪ್ರಯಾಣಕ್ಕೆ ಎಲ್ಲ ಸಿದ್ಧವಿರಬೇಕು. ಉಪ್ಪುನೀರು ಸೋರುವ ಆ ಕತ್ತಲೆಯಲ್ಲಿ ದುಡಿದವರನ್ನು ನಾವು ಪ್ರಯಾಣಿಕರು ಯಾರೂ ಕಂಡಿರಲಿಲ್ಲ. ಅವರ ಕೆಲಸವಿಲ್ಲದೆ ನನ್ನ ಒಂದು ಶುಕ್ರವಾರದ ಊಟವೂ ಲೀಲ್‌ನಲ್ಲಿ ಆಗುತ್ತಿರಲಿಲ್ಲ.

ಒಳಗೆ ಆಸನಗಳು ಹಾಗೆಯೇ ಇವೆ. ಬಟ್ಟೆ ಮಾಸಿದೆ, ಗಾಳಿಯಲ್ಲಿ ತೇವದ ವಾಸನೆ ಇದೆ. ಕಿಟಕಿಗಳು ಈಗ ತಿಳಿಯಾಗಿವೆ. ಆಚೆ ಹುಲ್ಲು, ಬೇಲಿ ಸ್ಪಷ್ಟವಾಗಿ ಕಾಣುತ್ತದೆ. ಕಾರುಗಳ ಅಂಕಣ ಖಾಲಿಯಾಗಿರುವಾಗ ಎಷ್ಟು ದೊಡ್ಡದೆಂದು ನನಗೆ ಮೊದಲ ಸಲ ಅರ್ಥವಾಯಿತು. ಆಗೆಲ್ಲ ಮುಂದಿನ ಕಾರಿನ ಹಿಂಬದಿಯನ್ನೇ ನೋಡುತ್ತಾ ಒಳಗೆ ಹೋಗುತ್ತಿದ್ದೆವು. ಗೋಡೆಯ ಅಲ್ಯೂಮಿನಿಯಂ ಹಾಳೆಗಳ ಅಂಚಿನಲ್ಲಿ ತುಕ್ಕಿನಂಥ ಬಿಳಿ ಪುಡಿ ಎದ್ದಿದೆ. ಉಪ್ಪಿನ ಕೆಲಸ ಇನ್ನೂ ಮುಗಿದಿಲ್ಲ. ಬಣ್ಣ ಬಳಿಯುವುದು, ಸೋರಿಕೆ ಮುಚ್ಚುವುದು, ವಿವರ ಹೇಳುವುದು ಎಲ್ಲವೂ ಸ್ವಯಂಸೇವಕರಿಂದಲೇ. ಅವರಲ್ಲಿ ಯಾರಿಗೂ ಅವಸರವಿರಲಿಲ್ಲ. ಕೇಳಿದ್ದಕ್ಕೆಲ್ಲ ನಿಂತು ಉತ್ತರಿಸಿದರು. ಸಾಲಾಗಿ ಇಟ್ಟ ಫಲಕಗಳನ್ನು ಓದುತ್ತಾ ಹೋಗುವ ದೊಡ್ಡ ಮ್ಯೂಸಿಯಂಗಳಿಗಿಂತ ಇಲ್ಲಿ ಕಲಿತದ್ದು ಹೆಚ್ಚು. ಸಣ್ಣ ಹೋವರ್‌ಕ್ರಾಫ್ಟ್‌ಗಳೂ ಬಹಳಷ್ಟಿವೆ, ಶೆಡ್ಡುಗಳ ತುಂಬ. ನನ್ನ ಯಜಮಾನರು ಅವುಗಳ ನಡುವೆ ಎಷ್ಟೋ ಹೊತ್ತು ಕಳೆದರು. ನಾನು ಪ್ರಿನ್ಸೆಸ್ ಬಿಟ್ಟು ಹೋಗಲಿಲ್ಲ.

ನಿಂತ ಯಂತ್ರ ನೋಡಿದರೆ ಸಾಲದು ಎನ್ನುವವರಿಗೆ ಒಂದು ದಾರಿಯಿದೆ. ಅದೇ ಸೋಲೆಂಟ್ ಜಲಸಂಧಿಯಲ್ಲಿ ಹೋವರ್‌ಟ್ರಾವೆಲ್ ಸಂಸ್ಥೆ 1965ರಿಂದ ಪೋರ್ಟ್ಸ್‌ಮತ್‌ನ ಸೌತ್‌ಸೀ ತೀರದಿಂದ ವೈಟ್ ದ್ವೀಪದ ರೈಡ್‌ಗೆ ಹೋವರ್‌ಕ್ರಾಫ್ಟ್ ಓಡಿಸುತ್ತಿದೆ. ಹತ್ತು ನಿಮಿಷದ ಪ್ರಯಾಣ, ಸುಮಾರು ಎಂಬತ್ತು ಜನ ಹಿಡಿಯುತ್ತದೆ, ಡೀಸೆಲ್ ಎಂಜಿನ್. ತೀರದ ಜಲ್ಲಿಯ ಮೇಲಿಂದ ಜಾರಿ ನೀರಿಗಿಳಿಯುವ ಆ ಕ್ಷಣ, ಆಸನದೊಡನೆ ಮೈ ಮೇಲೇಳುವ ಅನುಭವ ಹಳೆಯದೇ. ಸದ್ದು ಬಹಳ ಕಡಿಮೆ, ಕೂರುವುದು ಸುಖಕರ. ಆದರೆ ಕಾರು ಹತ್ತುವುದಿಲ್ಲ. ಜನರನ್ನಷ್ಟೇ ದಾಟಿಸುವುದಕ್ಕೂ, ಹಿಂದಿನ ಸೀಟಿನಲ್ಲಿ ಮಲಗಿದ ಮಗುವನ್ನೂ ಡಿಕ್ಕಿಯಲ್ಲಿಟ್ಟ ಅಕ್ಕಿ ಮೂಟೆಯನ್ನೂ ಸೇರಿಸಿ ಇಡೀ ಸಂಸಾರವನ್ನು ದಾಟಿಸುವುದಕ್ಕೂ ಅಂತರವಿದೆ. ಕಾರು ಹೊತ್ತು ಕಡಲು ದಾಟುವ ದೊಡ್ಡ ಹೋವರ್‌ಕ್ರಾಫ್ಟ್ ಕಡಲ್ಗಾಲುವೆಗೆ ಮತ್ತೆ ಬರಲಿಲ್ಲ. ಬರಬೇಕಿತ್ತು ಎಂದೇ ನನ್ನ ಆಸೆ. ಆಳವಿಲ್ಲದ ತೀರ, ಕೆಸರಿನ ಅಳಿವೆ, ಬಂದರು ಕಟ್ಟಲು ಹಣವಿಲ್ಲದ ದ್ವೀಪಗಳು ಇರುವವರೆಗೆ ಈ ವಿಚಾರಕ್ಕೆ ಬೆಲೆ ಇದ್ದೇ ಇದೆ. ನಮ್ಮ ದೇಶದ ಕೋಸ್ಟ್ ಗಾರ್ಡ್ ಹೋವರ್‌ಕ್ರಾಫ್ಟ್ ಇಟ್ಟುಕೊಂಡಿರುವುದೂ ಆಳವಿಲ್ಲದ ನೀರಿನಲ್ಲಿ, ಮರಳ ದಂಡೆಯ ಮೇಲೆ ಹಡಗು ಹೋಗಲಾರದ ಕಡೆ ಕಾವಲು ಕಾಯಲೆಂದೇ.

ಸಮಯವಿದ್ದವರು ಪೆಗ್ವೆಲ್ ಕೊಲ್ಲಿಗೂ ಹೋಗಬಹುದು. ಹೋವರ್‌ಲಾಯ್ಡ್‌ನ ಹಳೆಯ ನಿಲ್ದಾಣದ ಕಟ್ಟಡಗಳಿಲ್ಲ, ಕಾಂಕ್ರೀಟ್ ಹಾಸು ಮಾತ್ರ ಇದೆ. ಬಿರುಕುಗಳಲ್ಲಿ ಪೊದೆಗಳು ಎದ್ದಿವೆ, ಕಾರುಗಳು ಸಾಲು ನಿಲ್ಲಲು ಬಳಿದ ಗೆರೆಗಳು ಅಲ್ಲಲ್ಲಿ ಉಳಿದಿವೆ. ಸುತ್ತಲಿನ ಪ್ರದೇಶ ಈಗ ಹಕ್ಕಿಗಳ ರಕ್ಷಿತ ತಾಣ. ಡೋವರ್‌ನ ಹೋವರ್‌ಪೋರ್ಟ್ ಕಟ್ಟಡವನ್ನು ಕೆಡವಿದ್ದಾರೆ. ಅಲ್ಲಿ ಹುಡುಕಲು ಹೋಗಬೇಡಿ.

ಲೀ-ಆನ್-ದ-ಸೋಲೆಂಟ್‌ನ ಮ್ಯೂಸಿಯಂಗೆ ಹೋಗುವವರಿಗೆ ಕೆಲವು ಮಾತು. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುನ್ನ ಅವರ ಜಾಲತಾಣದಲ್ಲಿ ದಿನ ನೋಡಿಕೊಳ್ಳಿ. ಬಯಲಿನಲ್ಲಿ ಸಮುದ್ರದ ಗಾಳಿ ನೇರವಾಗಿ ಹೊಡೆಯುತ್ತದೆ, ಬೇಸಿಗೆಯಲ್ಲೂ ಕೋಟು ಇರಲಿ. ಹಿರಿಯರನ್ನು ಕರೆದೊಯ್ದರೆ ಪ್ರಿನ್ಸೆಸ್ ಹತ್ತುವ ಮೆಟ್ಟಿಲಲ್ಲಿ ಕೈ ಹಿಡಿದುಕೊಳ್ಳಿ. ಮಕ್ಕಳಿಗೆ ಮೊದಲು ಸೌತ್‌ಸೀಯಿಂದ ರೈಡ್‌ಗೆ ಒಮ್ಮೆ ಹೋಗಿಬಂದ ಮೇಲೆ ಇದನ್ನು ತೋರಿಸಿ. ಸಣ್ಣದರಲ್ಲಿ ಕೂತು ಬಂದವರಿಗೆ ದೊಡ್ಡದರ ಗಾತ್ರ ಚೆನ್ನಾಗಿ ನಾಟುತ್ತದೆ. ಪ್ರವೇಶದ ಟಿಕೆಟ್ಟಿನ ಮೇಲೆ ನಿಮ್ಮಿಂದಾದಷ್ಟು ದೇಣಿಗೆ ಕೊಟ್ಟು ಬನ್ನಿ. ಜಗತ್ತಿನಲ್ಲಿ ಎಸ್‌ಆರ್.ಎನ್4 ಉಳಿದಿರುವುದು ಇದೊಂದೇ, ಅದಕ್ಕೆ ಮೇಲೊಂದು ಸೂರೂ ಇಲ್ಲ.